ಗಿಣ್ಣು ಕುಡಿದ ಮರಿ

ನಾನೊಂದು ಕರಿ ಕುರಿ. ಜೋಳ ಕೊಯ್ದು ಬರಿದಾಗಿದ್ದ ಎರೆಹೊಲದಲ್ಲಿ, ಹಿಂಡು ದಾರಿಯಲ್ಲಿದ್ದಾಗ ಹುಟ್ಟಿದೆ. ನನ್ನನ್ನು ನೆಲಕ್ಕೆ ಹಾಕಿದ ತಾಯಿ ಎದ್ದು ನಿಲ್ಲಲು ನೋಡಿದಳಂತೆ. ಆಮೇಲೆ ಕತ್ತು ಚಾಚಿ ಮಲಗಿದವಳು ಏಳಲಿಲ್ಲ. ಅವಳ ನಾಲಿಗೆ ನನ್ನ ಮೈಗೆ ತಾಗಿತೋ ಇಲ್ಲವೋ ತಿಳಿಯದು. ನನಗೆ ನೆನಪಿರುವ ಮೊದಲ ವಾಸನೆ ಕಂಬಳಿಯದು.

ಆ ಕಂಬಳಿ ಜಕ್ಕವ್ವನದು. ಹಿಂಡಿನ ಒಡೆಯ ಮಾಳಿಂಗಪ್ಪನ ಹೆಂಡತಿ ಅವಳು. ವರ್ಷದ ಬಹುಕಾಲ ಗಂಡ ಹೆಂಡತಿ ಇಬ್ಬರೂ ಕುರಿಗಳ ಹಿಂದೆ ಊರಿಂದೂರಿಗೆ ನಡೆಯುತ್ತಿದ್ದರು. ಜಕ್ಕವ್ವ ನನ್ನ ಮೈ ಒರೆಸಿ, ಬೇರೆ ತಾಯಿಕುರಿಗಳ ಕೆಳಗೆ ಬಿಟ್ಟು ನೋಡಿದಳು. ಯಾವುದೂ ಸೇರಿಸಲಿಲ್ಲ. ಮೂಸಿ ನೋಡಿ, ತಮ್ಮದಲ್ಲವೆಂದು ತಿಳಿದು, ಹಣೆಯಿಂದ ನೂಕಿದವು. ಕೊನೆಗೆ, ಈದು ಬಹಳ ತಿಂಗಳಾಗಿದ್ದ ಒಂದು ಮುದಿ ಆಡಿನ ಹಾಲು ಕರೆದು, ಬಟ್ಟೆಯ ತುದಿ ಅದ್ದಿ ನನ್ನ ಬಾಯಿಗಿಟ್ಟಳು.

"ಪರದೇಶಿ ಆತ್ನೋಡ್ರಿ ಇದು," ಎಂದಳು ಗಂಡನಿಗೆ.

"ಉಳಿಯೂದಿಲ್ಲ ಬಿಡು," ಎಂದ ಮಾಳಿಂಗಪ್ಪ. "ಗಿಣ್ಣ ಕುಡೀಲಾರದ ಮರಿ ಎಷ್ಟ ದಿನ ಬಾಳೀತು?"

ಗಿಣ್ಣೆಂದರೆ ಈದ ಕೂಡಲೇ ತಾಯಿಯ ಕೆಚ್ಚಲಿಗೆ ಇಳಿಯುವ ಹಳದಿ ಬಣ್ಣದ ದಪ್ಪ ಹಾಲು. ಅದರ ರುಚಿ ಹೇಗಿರುತ್ತದೆಂದು ನಾನರಿಯೆ. ಆದರೂ ಉಳಿದೆ. ಕಡ್ಡಿಕಾಲು, ಊದಿದ ಹೊಟ್ಟೆ. ಉಳಿದ ಮರಿಗಳು ಜಿಗಿಯುವಾಗ ನಾನು ಜಕ್ಕವ್ವನ ಸೀರೆಯ ನೆರಿಗೆ ಹಿಡಿದು ನಡೆಯುತ್ತಿದ್ದೆ. ಪರದೇಶಿ ಎಂಬುದೇ ನನ್ನ ಹೆಸರಾಯಿತು.

ನಾವು ತಿಂಗಳ ಮರಿಗಳಾಗಿದ್ದಾಗ ಹಿಂಡು ಬಿಡಾರ ಹೂಡಿದ್ದ ಹೊಲಕ್ಕೆ ಒಂದು ಜೀಪು ಬಂತು. ಅದರಿಂದ ಇಳಿದವಳು ಡಾಕ್ಟರ್ ಚಂಪಕಾ. ದೂರದ ಊರಿನ ಪಶುರೋಗ ಸಂಸ್ಥೆಯವಳು. ಪ್ರಾಣಿಗಳಿಗೆ ಅಂಟುವ ರೋಗಗಳನ್ನು ಅವುಗಳ ಮೈ ಹೇಗೆ ಎದುರಿಸುತ್ತದೆ ಎಂಬುದನ್ನು ಕಂಡುಕೊಳ್ಳುವುದು ಅವಳ ಕೆಲಸ. ಹಿಂದಿನ ವರ್ಷ ಅವಳೇ ಬಂದು ನಮ್ಮ ಹಿಂಡಿನ ದೊಡ್ಡ ಕುರಿಗಳಿಗೆಲ್ಲ ಹಿರೇಬೇನೆಯ ಲಸಿಕೆ ಹಾಕಿದ್ದಳು. ಹಿರೇಬೇನೆ ಕುರಿ ಆಡುಗಳ ಪಾಲಿನ ಯಮ. ಜ್ವರ ಏರುತ್ತದೆ, ಕಣ್ಣು ಮೂಗು ಸೋರುತ್ತವೆ, ಬಾಯೆಲ್ಲ ಹುಣ್ಣಾಗುತ್ತದೆ, ಹೊಟ್ಟೆ ಕೆಡುತ್ತದೆ. ಒಂದಕ್ಕೆ ಬಂದರೆ ಹಿಂಡಿಗೆಲ್ಲ ಹಬ್ಬುತ್ತದೆ. ಲಸಿಕೆ ಬಿದ್ದಮೇಲೆ ಮಾಳಿಂಗಪ್ಪನ ಕುರಿಗಳ ಹತ್ತಿರ ಅದು ಸುಳಿದಿರಲಿಲ್ಲ. ಹಾಗಾಗಿ ಅವಳ ಮೇಲೆ ಅವನಿಗೆ ಬಹಳ ನಂಬಿಕೆ.

"ಮರಿಗೋಳಿಗೂ ಹಾಕಿಬಿಡ್ರಿ ಬಾಯಾರ," ಎಂದ.

ಚಂಪಕಾ ಒಂದು ಮರಿಯನ್ನೆತ್ತಿ ನೋಡಿದಳು. "ತೀರಾ ಚಿಕ್ಕವು ಮಾಳಿಂಗಪ್ಪನವರೇ. ಇನ್ನು ಸ್ವಲ್ಪ ಕಾಲ ತಡೆದು ಹಾಕಿದರೆ ಒಳ್ಳೇದೇನೋ."

"ಆವಾಗ ನಾವ್ ಎಲ್ಲಿರ್ತೀವೋ ಯಾರಿಗ್ಗೊತ್ರೀ? ನೀವು ನಮ್ಮನ್ನ ಹುಡುಕ್ಕೊಂಡ ಬರ್ತೀರೇನು? ಸೂಜಿ ನಿಮ್ಮ ಕೈಯಾಗೈತಿ, ಮರಿ ನಿಮ್ಮ ಮುಂದಾವು. ಹಾಕ್ರಿ."

ಏನೂ ಇಲ್ಲದ್ದಕ್ಕಿಂತ ವಾಸಿ ಎಂದುಕೊಂಡಳೋ ಏನೋ, ಚಂಪಕಾ ಲಸಿಕೆಯ ಪೆಟ್ಟಿಗೆ ತೆರೆದಳು. ಒಂದೊಂದಾಗಿ ಎಲ್ಲ ಮರಿಗಳಿಗೂ ಸೂಜಿ ಬಿತ್ತು. ನನ್ನ ಸರದಿ ಬಂದಾಗ ಮಾಳಿಂಗಪ್ಪ, "ಇದು ಹೆಂಗೂ ಸಾಯೂದು, ಯಾಕ ಮದ್ದು ಹಾಳು?" ಎಂದ. ಜಕ್ಕವ್ವ ನನ್ನನ್ನು ಡಾಕ್ಟರಮ್ಮನ ಮುಂದೆ ಹಿಡಿದಳು.

ಮರುದಿನ ಹಿಂಡು ಹೊರಟಿತು.

ಸೆಕೆ ಏರುತ್ತಿದ್ದ ಕಾಲ. ನಮಗೆ ನಾಲ್ಕು ತಿಂಗಳು ದಾಟಿತ್ತು. ನಾವು ಹುಲ್ಲು ತಿನ್ನಲು ಕಲಿತಿದ್ದೆವು. ಕೆರೆಯೊಂದರ ದಂಡೆಯಲ್ಲಿ ನಾಲ್ಕಾರು ಹಿಂಡುಗಳು ನೀರಿಗೆ ಕೂಡಿದವು. ಅಲ್ಲಿ ಯಾರದೋ ಕುರಿಯೊಂದು ಮೂಗು ಸೋರಿಸುತ್ತ ತಲೆ ತಗ್ಗಿಸಿ ನಿಂತಿತ್ತು. ನಮ್ಮ ಮರಿಗಳು ಅದರ ಪಕ್ಕದಲ್ಲೇ ನೀರು ಕುಡಿದವು.

ವಾರ ಕಳೆಯುವುದರೊಳಗೆ ಒಂದು ಮರಿ ಬಿಸಿಲಿನಲ್ಲೂ ನಡುಗತೊಡಗಿತು. ಸಂಜೆಗೆ ಇನ್ನೊಂದು. ಬಾಯಿಂದ ಹೊಲಸು ನಾತ. ಹಾಲು ಕುಡಿಯಲು ಹೋದರೆ ಹುಣ್ಣು ಉರಿದು ಬಿಡಿಸಿಕೊಂಡು ಅಳುತ್ತಿದ್ದವು. ಜಕ್ಕವ್ವ ಬೇವು ತಂದಳು, ಅರಿಸಿನ ಹಚ್ಚಿದಳು, ರಾಗಿ ಗಂಜಿ ಕುಡಿಸಿದಳು. ಒಂದೂ ನಿಲ್ಲಲಿಲ್ಲ. ಕೊಬ್ಬಿ ಬೆಳೆದಿದ್ದವು, ತಾಯಿಯ ಹಾಲನ್ನು ಹೊಟ್ಟೆತುಂಬ ಕುಡಿದಿದ್ದವು, ನನ್ನನ್ನು ಹಾಯ್ದು ಬೀಳಿಸಿ ಆಡುತ್ತಿದ್ದವು, ಎಲ್ಲವೂ ಹೋದವು. ಮಾಳಿಂಗಪ್ಪ ಹೊಲದಂಚಿನಲ್ಲಿ ಗುಂಡಿ ತೋಡಿ ಹೂಳಿದ, ಮತ್ತೆ ತೋಡಿದ.

ದೊಡ್ಡ ಕುರಿಗಳಿಗೆ ಏನೂ ಆಗಲಿಲ್ಲ. ಮರಿಗಳಲ್ಲಿ ಉಳಿದವಳು ನಾನೊಬ್ಬಳೇ.

ಆ ಸಂಜೆಗಳನ್ನು ಹೇಗೆ ಹೇಳಲಿ? ಬಿಡಾರದಲ್ಲಿದ್ದಾಗ ಹಗಲೆಲ್ಲ ಮರಿಗಳನ್ನು ಬಲೆ ಕಟ್ಟಿದ ದೊಡ್ಡಿಯೊಳಗೆ ಕೂಡಿ, ತಾಯಂದಿರನ್ನು ಮೇಯಲು ಒಯ್ಯುವುದು ನಮ್ಮ ಪದ್ಧತಿ. ಹೊತ್ತು ಮುಳುಗುವಾಗ ತಾಯಂದಿರು ಓಡೋಡಿ ಬರುವರು. ಬಲೆ ತೆರೆದರೆ ಮರಿಗಳು ನುಗ್ಗುವವು. ಅರೆಗಳಿಗೆ ಹೊಲವೆಲ್ಲ ಕೂಗು. ಮರಿಗಳು ಸತ್ತಮೇಲೂ ತಾಯಂದಿರು ಓಡಿಬರುತ್ತಿದ್ದರು. ಬಲೆಯ ಸುತ್ತ ನಿಂತು ಕೂಗುತ್ತಿದ್ದರು. ಒಳಗೆ ನಾನೊಬ್ಬಳು. ಬಂದು ಮೂಸುವರು, ಬಿಸಿಯುಸಿರು ನನ್ನ ಮುಖಕ್ಕೆ ಬಡಿಯುವುದು, ತಿರುಗಿ ಹೋಗುವರು. ಮತ್ತೆ ಬಂದು ಮೂಸುವರು. ಅವರ ಕೆಚ್ಚಲು ಬಿಗಿದು ಹಾಲು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಾನು ಸಾಯದೆ ಇದ್ದದ್ದು ತಪ್ಪೋ ಎಂಬಂತೆ ಬಲೆಯ ಮೂಲೆಯಲ್ಲಿ ಮುದುಡಿ ಕೂರುತ್ತಿದ್ದೆ.

ಸುದ್ದಿ ಕೇಳಿ ಚಂಪಕಾ ಬಂದಳು. ಜೀಪಿನಿಂದ ಇಳಿದವಳು ಮುಂದೆ ಬರಲಾರದೆ ಬಲೆಯನ್ನೇ ನೋಡುತ್ತ ನಿಂತಳು.

"ನಿಮ್ಮ ಸೂಜೀನ ತಿಂದೈತಿ ನನ್ನ ಮರಿಗೋಳನ್ನ," ಎಂದ ಮಾಳಿಂಗಪ್ಪ. ಅವನ ದನಿ ಏರಲಿಲ್ಲ. "ಹಾಕ್ರಿ ಅಂದಾಂವ ನಾನ ಖರೆ. ಆದ್ರ ನೀವು ಓದಿದಾಕಿ. ಬ್ಯಾಡ ಅನ್ನಬೇಕಿತ್ತಿಲ್ಲ?"

"ಯಾಕೆ ಹೀಗಾಯಿತು ಅಂತ ನನಗೂ ಗೊತ್ತಿಲ್ಲ," ಎಂದಳು ಅವಳು. "ಗೊತ್ತುಮಾಡಿಕೊಳ್ಳದೆ ಬಿಡೋದಿಲ್ಲ."

"ಇನ್ನ ನನ್ನ ಹಿಂಡಿಗೆ ನಿಮ್ಮ ಕೈ ಹಚ್ಚೂದು ಬ್ಯಾಡ."

ಅವನು ಬೆನ್ನು ತಿರುಗಿಸಿ ನಡೆದ. ಜಕ್ಕವ್ವ ಬಲೆಯೊಳಗೆ ಬಾಗಿ ನನ್ನನ್ನು ಎತ್ತಿಕೊಂಡಳು. "ಇದನ್ನ ಒಯ್ಯಿರಿ ಬಾಯಾರ. ಅಷ್ಟೂ ಸತ್ತು ಇದೊಂದ ಯಾಕ ಉಳೀತು, ನೋಡ್ರಿ. ಇಲ್ಲಿ ಇಟಗೊಂಡ್ರ ಆ ತಾಯಿಗೋಳು ದಿನಾ ಸಂಜಿಕ ಇದನ್ನ ಮೂಸಿ ಮೂಸಿ ಅಳತಾವ. ನನ್ನ ಕಣ್ಣಿಲೆ ನೋಡಾಕ ಆಗವಲ್ದು."

ಹೀಗೆ ನಾನು ಜಕ್ಕವ್ವನ ಕಂಬಳಿ ಬಿಟ್ಟು, ಜೀಪಿನಲ್ಲಿ ಕೂತು ಸಂಸ್ಥೆಗೆ ಬಂದೆ.

ಅಲ್ಲಿ ಎರಡು ಬಗೆಯ ಕಟ್ಟಡಗಳಿದ್ದವು. ನಾನಿದ್ದದ್ದು ಹೊರಗಿನ ಕೊಟ್ಟಿಗೆ. ತಗಡಿನ ಮಾಡು, ಹುಲ್ಲು, ಗಾಳಿ ಬೆಳಕು. ಸಿದ್ದಯ್ಯ ಎಂಬಾತ ನಮ್ಮನ್ನು ನೋಡಿಕೊಳ್ಳುತ್ತಿದ್ದ. ಅಂಗಳದಾಚೆ ಇನ್ನೊಂದು ಕಟ್ಟಡ. ಅದರ ಕಿಟಕಿಗಳು ತೆರೆಯುತ್ತಿರಲಿಲ್ಲ. ಅದರೊಳಗೆ ರೋಗವನ್ನು ಬೇಕೆಂದೇ ಕೊಟ್ಟು ನೋಡುವರು. ಹೋಗುವ ಮನುಷ್ಯರು ಕಣ್ಣು ಮಾತ್ರ ಕಾಣುವಂತೆ ಬಿಳಿ ಉಡುಪು ತೊಡುವರು, ಬರುವಾಗ ತಲೆಗೆ ಸ್ನಾನ ಮಾಡಿಯೇ ಬರುವರು. ಹೋಗುವ ಪ್ರಾಣಿ ತಿರುಗಿ ಬರುವುದಿಲ್ಲ. ರೋಗದಿಂದ ಸತ್ತರೂ ಅಷ್ಟೆ, ಬದುಕಿದರೂ ಅಷ್ಟೆ. ಹೊರಗಿನ ಹಿಂಡುಗಳಿಗೆ ರೋಗ ತಾಗಬಾರದೆಂದು ಅಲ್ಲೇ ಮುಗಿಸುವರು.

ಚಂಪಕಾ ನನ್ನ ಕತ್ತಿನಿಂದ ರಕ್ತ ತೆಗೆದು ಪರೀಕ್ಷೆ ಮಾಡಿದಳು. ಹಿರೇಬೇನೆಯನ್ನು ತಡೆಯುವ ಶಕ್ತಿ ನನ್ನ ರಕ್ತದಲ್ಲಿ ತುಂಬಿತ್ತು. ಅದೇ ಸೂಜಿ, ಅದೇ ದಿನ, ಅದೇ ಹಿಂಡು. ಹಾಗಾದರೆ ಉಳಿದ ಮರಿಗಳಿಗೇಕೆ ನಾಟಲಿಲ್ಲ? ಬಹಳ ದಿನ ತಲೆ ಕೆಡಿಸಿಕೊಂಡಳು. ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ನನ್ನ ಪಕ್ಕ ನಿಂತೇ ಜಕ್ಕವ್ವನಿಗೆ ಫೋನು ಮಾಡಿದಳು.

"ಜಕ್ಕವ್ವ, ಈ ಪರದೇಶಿ ಹುಟ್ಟಿದಾಗ ತಾಯಿ ಹಾಲು ಕುಡಿದಿತ್ತಾ?"

ಜಕ್ಕವ್ವನ ದನಿ ಫೋನಿನಿಂದ ನನಗೂ ಕೇಳಿಸಿತು. "ತಾಯಿ ಎಲ್ಲೈತ್ರೀ ಬಾಯಾರ? ಹಡದ ಗಳಿಗ್ಯಾಗ ಸತ್ತಿತು. ಒಂದ ಹನಿ ಗಿಣ್ಣ ಬಿದ್ದಿಲ್ಲ ಅದರ ಬಾಯಾಗ."

ಚಂಪಕಾ ಫೋನನ್ನು ಕಿವಿಯಿಂದ ತೆಗೆಯುವುದನ್ನೇ ಮರೆತಳು.

ಆಮೇಲೆ ಅವಳು ಸಿದ್ದಯ್ಯನಿಗೆ ಬಿಡಿಸಿ ಹೇಳುತ್ತಿದ್ದುದನ್ನು ಕೇಳಿ ಕೇಳಿ ನನಗೂ ಅರ್ಥವಾಯಿತು. ಲಸಿಕೆಯೆಂದರೆ ಶಕ್ತಿ ಕುಂದಿಸಿದ ರೋಗದ ಬೀಜ. ಅದು ಮೈಯಲ್ಲಿ ಮೊಳೆತರೆ ಮೈ ಅದರೊಡನೆ ಹೋರಾಡಲು ಕಲಿಯುತ್ತದೆ. ಹಾಗೆ ಕಲಿತ ತಾಯಿ ತನ್ನ ಗಿಣ್ಣಿನಲ್ಲಿ ಮರಿಗೂ ಒಂದಿಷ್ಟು ಕಾವಲು ಕೊಡುತ್ತಾಳೆ. ಆ ಕಾವಲು ಕೆಲವು ತಿಂಗಳು ಮಾತ್ರ. ಅದು ಇರುವಾಗಲೇ ಲಸಿಕೆ ಹಾಕಿದರೆ, ಹಾಲಿನ ಕಾವಲು ಲಸಿಕೆಯ ಬೀಜವನ್ನೇ ಶತ್ರುವೆಂದು ಕೊಂದುಬಿಡುತ್ತದೆ. ಮರಿಯ ಮೈ ಏನನ್ನೂ ಕಲಿಯುವುದಿಲ್ಲ. ಕೊನೆಗೆ ಹಾಲಿನ ಕಾವಲೂ ತೀರಿದಾಗ ಮರಿ ಬರಿಗೈಲಿ ನಿಂತಿರುತ್ತದೆ. ಹಿಂಡಿನ ಮರಿಗಳು ಹಾಗೆ ನಿಂತಿದ್ದವು. ನನಗೆ ತಾಯಿಯಿರಲಿಲ್ಲ, ಆದ್ದರಿಂದ ನಾನು ಬದುಕಿದೆ.

"ಇದು ನನ್ನ ಊಹೆ ಸಿದ್ದಯ್ಯ," ಎಂದಳು. "ಮಾಡಿ ತೋರಿಸಬೇಕು. ಹಾಲಿನ ಕಾವಲು ನಮ್ಮ ಕುರಿಗಳಲ್ಲಿ ಎಲ್ಲಿಯವರೆಗೆ ನಿಲ್ಲುತ್ತೆ ಅಂತ ಸರಿಯಾಗಿ ತಿಳಿಯಬೇಕು. ಇಲ್ಲದಿದ್ರೆ ಇನ್ನೆಷ್ಟು ಹಿಂಡುಗಳಲ್ಲಿ ಹೀಗೇ ಆಗುತ್ತೋ."

ನಾನು ಬೆಳೆದೆ. ಗಬ್ಬವಾದೆ. ಲಸಿಕೆ ಬಿದ್ದ ಇನ್ನೂ ಕೆಲವು ಕುರಿಗಳು ನನ್ನ ಜೊತೆಗೇ ಗಬ್ಬವಾಗಿದ್ದವು. ನನಗೆ ಅವಳಿ. ಮೊದಲ ಮರಿ ಹೊರಬರುವಾಗ ಚಂಪಕಾ ಟವೆಲು ಹಿಡಿದು ಕೂತಿದ್ದಳು. ಮರಿ ನೆಲ ಮುಟ್ಟುವ ಮೊದಲೇ ಟವೆಲಿನಲ್ಲಿ ಹಿಡಿದು, ನಾನು ತಿರುಗಿ ನೋಡುವಷ್ಟರಲ್ಲಿ ಬಾಗಿಲಾಚೆ ಒಯ್ದಳು. ಅದಕ್ಕೆ ಹಿರೇಬೇನೆಯ ಕಾವಲಿಲ್ಲದ ಹಸುವಿನ ಗಿಣ್ಣು ಕುಡಿಸಿ ಬೇರೆ ಕಡೆ ಸಾಕಿದರಂತೆ. ನಾನು ಹುಲ್ಲಿನ ಮೇಲಿನ ತೇವ ಮೂಸಿದೆ. ಅಷ್ಟೇ ನನಗೆ ಸಿಕ್ಕಿದ್ದು.

ಎರಡನೆಯದು ನನ್ನ ಬಳಿಯೇ ಉಳಿಯಿತು. ಹಣೆಯಲ್ಲಿ ಬಿಳಿ ಚುಕ್ಕೆಯ ಹೆಣ್ಣುಮರಿ. ಅದನ್ನು ಮೈಯೆಲ್ಲ ನೆಕ್ಕಿ ಒಣಗಿಸಿದೆ. ನಡುಗುವ ಕಾಲಲ್ಲಿ ಎದ್ದು, ಎಡವಿ, ಕೆಚ್ಚಲು ಹುಡುಕಿಕೊಂಡಿತು. ಬಾಲ ಅಲ್ಲಾಡಿಸುತ್ತ ಗುಟುಕು ಗುಟುಕಾಗಿ ನನ್ನ ಗಿಣ್ಣು ಕುಡಿಯಿತು. ನನಗೆ ಸಿಗದಿದ್ದದ್ದನ್ನು ಕೊಡುತ್ತಿದ್ದೇನೆ ಎಂಬ ಸುಖದಲ್ಲಿ ನಾನು ಕಣ್ಣು ಮುಚ್ಚಿದ್ದೆ.

ತಿಂಗಳು ತುಂಬಿದಾಗ ಎರಡೂ ಮರಿಗಳಿಗೆ ಲಸಿಕೆ ಬಿತ್ತು. ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಚಂಪಕಾ ತಾನೇ ಬಂದು ನನ್ನ ಮರಿಯನ್ನು ಎತ್ತಿಕೊಂಡಳು. ಸಿದ್ದಯ್ಯ ಮುಂದೆ ಬಂದರೂ ಕೊಡಲಿಲ್ಲ. ಮರಿಯನ್ನು ಎದೆಗಾನಿಸಿಕೊಂಡು ಅಂಗಳ ದಾಟಿ, ಕಿಟಕಿ ತೆರೆಯದ ಕಟ್ಟಡದೊಳಗೆ ಹೋದಳು. ತಾಯಿಯ ಗಿಣ್ಣು ಕುಡಿದವು, ಕುಡಿಯದವು, ಎರಡೂ ಗುಂಪಿನ ಮರಿಗಳನ್ನು ಒಳಗೆ ಒಯ್ದರು. ಎಲ್ಲಕ್ಕೂ ಮೂಗಿನಲ್ಲಿ ಹಿರೇಬೇನೆಯ ಹನಿ ಬಿಟ್ಟರಂತೆ.

ಆ ಗೋಡೆಗಳಾಚೆಯ ಸದ್ದು ಮನುಷ್ಯರಿಗೆ ಕೇಳಿಸುವುದಿಲ್ಲ. ನನಗೆ ಕೇಳಿಸುತ್ತಿತ್ತು. ಮೊದಮೊದಲು ಮೇವಿಗಾಗಿ ಕೂಗುವ ಕೂಗು. ಆಮೇಲೆ ಅದು ನನ್ನನ್ನು ಕೂಗತೊಡಗಿತು. ಗಂಟಲು ಕಟ್ಟಿದ, ಹುಣ್ಣು ಬಾಯಿಯ ಕೂಗು. ಕೆರೆ ದಂಡೆಯಾಚೆಯ ಹೊಲದಲ್ಲಿ ನಾನು ಎಷ್ಟೋ ಮರಿಗಳಿಂದ ಕೇಳಿದ್ದ ಅದೇ ಕೂಗು. ನಾನು ಬೇಲಿಗೆ ಎದೆ ಕೊಟ್ಟು ಉತ್ತರ ಕೊಟ್ಟೆ. ನನ್ನ ದನಿ ಅದಕ್ಕೆ ಮುಟ್ಟುತ್ತಿತ್ತೋ ಏನೋ, ನಾನು ಕೂಗಿದಾಗ ಅದು ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು. ಸಿದ್ದಯ್ಯ ನನ್ನ ಮುಂದೆ ಹಸಿ ಸೊಪ್ಪು ಹಾಕಿ, "ಯಾಕೆ ಹಿಂಗೆ ಅರಚ್ಕೋತೀಯೆ? ಅಲ್ಲೇನೂ ಕೇಳಿಸ್ತಿಲ್ವಲ್ಲ," ಎನ್ನುತ್ತಿದ್ದ.

ಒಂದು ಸಂಜೆ ಕೂಗು ನಿಂತಿತು.

ಚಂಪಕಾ ಹೊರಗೆ ಬಂದಳು. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ನೇರವಾಗಿ ನನ್ನ ಬೇಲಿಯ ಹತ್ತಿರ ಬಂದು ನೆಲದ ಮೇಲೆ ಕೂತಳು. ಅವಳ ಊಹೆ ನಿಜವಾಗಿತ್ತು. ತಾಯಿಯ ಗಿಣ್ಣು ಕುಡಿದ ಮರಿಗಳು ಬಿದ್ದವು, ಕುಡಿಯದ ಮರಿಗಳು ನಿಂತವು. ಇನ್ನೊಬ್ಬ ಡಾಕ್ಟರು ಬಂದು, "ಕಂಗ್ರಾಜುಲೇಷನ್ಸ್ ಮೇಡಂ, ನೀವು ಹೇಳಿದ ಹಾಗೇ ಆಯ್ತಲ್ಲ!" ಎಂದ.

"ಹೂಂ. ಹೇಳಿದ ಹಾಗೇ ಆಯ್ತು," ಎಂದಳು. ಏಳಲಿಲ್ಲ. ಬೇಲಿಯ ಸಂದಿಯಿಂದ ಕೈಚಾಚಿದಳು. ನಾನು ಹಿಂದೆ ಸರಿದೆ.

ನನ್ನ ಇನ್ನೊಂದು ಮರಿ ಬದುಕಿತ್ತು, ಆದರೆ ಆ ಕಟ್ಟಡದ ನಿಯಮ ಹೇಳಿದೆನಲ್ಲ. ಅದರ ಕೂಗು ಹೇಗಿತ್ತೆಂದು ನನಗೆ ತಿಳಿಯಲೇ ಇಲ್ಲ. ಅಲ್ಲಿಂದ ಬಂದ ಕೂಗುಗಳಲ್ಲಿ ಅದರದೂ ಇದ್ದಿರಬೇಕು. ನಾನು ಅದಕ್ಕೆ ಉತ್ತರ ಕೊಡಲಿಲ್ಲ.

ಮರುದಿನ ಸಂಜೆ, ಕಟ್ಟಡ ಖಾಲಿಯಾಗಿ ತೊಳೆದು ಬೀಗ ಹಾಕಿದ ಮೇಲೆ, ಮತ್ತೆ ಕೂಗು ಬಂತು. ಗಂಟಲು ಕಟ್ಟಿದ ಅದೇ ಕೂಗು. ನಾನು ಎದ್ದು ಬೇಲಿಗೆ ಹೋದೆ. ಅದರ ಮರುದಿನವೂ ಬಂತು. ಚಂಪಕಾ ಆ ಹೊತ್ತಿಗೆ ಮನೆಗೆ ಹೊರಟವಳು ಅಂಗಳದ ನಡುವೆ ನಿಂತುಬಿಡುತ್ತಿದ್ದಳು. ಒಮ್ಮೆ ಸಿದ್ದಯ್ಯನನ್ನು ಕೇಳಿದಳು: "ಒಳಗೆ ಯಾವುದಾದರೂ ಮರಿ ಉಳಿದಿದೆಯಾ?"

"ಇಲ್ಲ ಮೇಡಂ. ಖಾಲಿ ಐತೆ. ಬೀಗದ ಕೈ ನನ್ನತ್ರಾನೇ ಐತೆ."

ಅವಳು ನನ್ನತ್ತ ನೋಡಿದಳು. ನನ್ನ ಕಿವಿಗಳು ಆ ಕಡೆಗೇ ತಿರುಗಿದ್ದವು.

ಮುಂದಿನ ಸೂಲಿಗೆ ಒಂದೇ ಮರಿ. ಯಾರೂ ಅದನ್ನು ಒಯ್ಯಲಿಲ್ಲ. ನೆಕ್ಕಿದೆ, ಒಣಗಿಸಿದೆ. ಅದು ಎದ್ದು ಕೆಚ್ಚಲಿಗೆ ಬಾಯಿಟ್ಟಾಗ ನನ್ನ ಮೈಯೆಲ್ಲ ಬಿಗಿಯಿತು. ಒದ್ದೆ. ಮತ್ತೆ ಬಂತು, ಮತ್ತೆ ಒದ್ದೆ. ಈ ಹಾಲು ಕುಡಿದದ್ದು ಸತ್ತಿತ್ತು. ನನಗೆ ಗೊತ್ತಿದ್ದದ್ದು ಅಷ್ಟೆ.

"ಒಂದ್ಸಲ ಹಾಲು ಕೊಟ್ಟ ಕುರಿ ಹಿಂಗೆ ಒದೆಯೋದನ್ನ ನಾನು ಕಂಡಿಲ್ಲ ಮೇಡಂ," ಎಂದ ಸಿದ್ದಯ್ಯ.

ಚಂಪಕಾ ಹುಲ್ಲಿನ ಮೇಲೆ ಕೂತು ನನ್ನ ಹಿಂಗಾಲುಗಳನ್ನು ಎರಡೂ ಕೈಯಿಂದ ಹಿಡಿದಳು. ಅವಳ ಕೆನ್ನೆ ನನ್ನ ಹೊಟ್ಟೆಗೆ ಒತ್ತಿತ್ತು. "ಕುಡಿಸೇ ತಾಯಿ," ಎಂದಳು. "ನಿನ್ನ ಹಾಲು ಏನೂ ಮಾಡಿಲ್ಲ. ಸೂಜಿಗೆ ಅವಸರವಾಗಿತ್ತು, ನಾವೇ ಅವಸರ ಮಾಡಿದ್ವಿ. ಈ ಸಲ ನಿನ್ನ ಹಾಲಿನ ಕೆಲಸ ಮುಗಿಯೋವರೆಗೂ ಕಾಯ್ತೀನಿ. ಆಮೇಲೇ ನನ್ನ ಕೆಲಸ. ಕುಡಿಸು." ಸಿದ್ದಯ್ಯ ಮರಿಯನ್ನು ಕೆಚ್ಚಲಿಗೆ ಹಿಡಿದ. ನಾನು ಒದೆಯದೆ ನಿಂತೆ. ಮರಿ ಕುಡಿಯಿತು.

ಅವಳು ಮಾತು ಉಳಿಸಿಕೊಂಡಳು. ಆಗಾಗ ಮರಿಯ ರಕ್ತ ನೋಡಿ, ನನ್ನ ಕಾವಲು ಇಳಿಯುವುದನ್ನು ಗಮನಿಸಿ, ಅದು ತೀರುತ್ತ ಬಂದಾಗ, ಮರಿಗೆ ನಾಲ್ಕು ತಿಂಗಳು ಹತ್ತಿರವಾದಾಗ, ಲಸಿಕೆ ಹಾಕಿದಳು. ಅದು ನಾಟಿತು. ಇನ್ನೂ ಎಷ್ಟೋ ಮರಿಗಳಲ್ಲಿ ಹಾಗೇ ನೋಡಿ ಖಚಿತ ಮಾಡಿಕೊಂಡಳು. ಆಮೇಲೆ ಸಿದ್ದಯ್ಯನನ್ನು ಜೊತೆಗೆ ಕರೆದುಕೊಂಡು ಮಾಳಿಂಗಪ್ಪನ ಹಿಂಡನ್ನು ಹುಡುಕುತ್ತ ಹೋದಳು. ತಿರುಗಿ ಬಂದ ಸಿದ್ದಯ್ಯ ಇತರರಿಗೆ ಹೇಳುತ್ತಿದ್ದ: ಮಾಳಿಂಗಪ್ಪ ಮೊದಲು ಮುಖ ಕೊಟ್ಟು ಮಾತಾಡಲಿಲ್ಲವಂತೆ. ಅವಳು ಹೊಲದ ಬದುವಿನ ಮೇಲೆ ಕೂತು ನಡೆದದ್ದನ್ನೆಲ್ಲ ಮುಚ್ಚದೆ ಹೇಳಿದಳಂತೆ. ಆಗ ಅವನು ಅವಳತ್ತ ತಿರುಗಿ, "ಅಂದ್ರ ಅವು ತಾಯಿ ಹಾಲ ಕುಡದ ಸತ್ತೂವು?" ಎಂದನಂತೆ. ಅವಳು, "ಇಲ್ಲ, ನಾವು ಕಾಯಲಿಲ್ಲ ಅಂತ ಸತ್ತವು" ಎಂದಳಂತೆ. ಆ ವರ್ಷದ ಮರಿಗಳಿಗೆ ನಾಲ್ಕು ತಿಂಗಳು ತುಂಬಿದಾಗ ಹಿಂಡು ಎಲ್ಲಿತ್ತೋ ಅಲ್ಲಿಗೇ ಅವಳು ಲಸಿಕೆಯ ಪೆಟ್ಟಿಗೆ ಹೊತ್ತು ಹೋದಳು.

ಈಗ ನನಗೆ ವಯಸ್ಸಾಗಿದೆ. ಹಲ್ಲು ಸವೆದಿದೆ. ಸಿದ್ದಯ್ಯ ಮೇವನ್ನು ಸಣ್ಣಗೆ ಕತ್ತರಿಸಿ ಹಾಕುತ್ತಾನೆ. ರಕ್ತಕ್ಕೂ ಈಗ ಯಾರೂ ಬರುವುದಿಲ್ಲ.

ಮೊನ್ನೆ ಸಂಜೆಗೆ ಮುಂಚೆ ಒಂದು ಟೆಂಪೊ ಬಂತು. ಮಾಳಿಂಗಪ್ಪ ಇಳಿದ, ಹಿಂದೆ ಜಕ್ಕವ್ವ. ಇಬ್ಬರ ತಲೆಯೂ ನೆರೆತಿದೆ. ಅವರ ಸೀಮೆಯಲ್ಲಿ ಮತ್ತೆ ಹಿರೇಬೇನೆ ಎದ್ದಿತ್ತಂತೆ. ಸುತ್ತ ಎಷ್ಟೋ ಹಿಂಡು ಬಿದ್ದರೂ ಇವರದು ಒಂದು ಮರಿಯೂ ಮಲಗಲಿಲ್ಲವಂತೆ. ಅದನ್ನು ಹೇಳಲೆಂದೇ ಬಂದಿದ್ದರು. ಮಾಳಿಂಗಪ್ಪ ಕೈ ಮುಗಿದ. ಚಂಪಕಾ ಅವನ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

ಜಕ್ಕವ್ವ ನನ್ನ ಕೊಟ್ಟಿಗೆ ಹುಡುಕಿಕೊಂಡು ಬಂದಳು. "ಪರದೇಶಿ!" ಎಂದಳು. ನಾನು ಎದ್ದೆ. ಅವಳ ಕಂಬಳಿ ಮೂಸಿದೆ. ಅವಳು ನನ್ನ ಕಿವಿಯ ಬುಡ ತುರಿಸುತ್ತ, "ಬಾಯಾರ, ಇನ್ನ ಇದನ್ನ ನನಗ ಕೊಡ್ರಿ. ಕಡೀಗಾಲಕ್ಕ ಹಿಂಡಿನಾಗ ಇರ್ಲಿ," ಎಂದಳು.

"ಕರೆದುಕೊಂಡು ಹೋಗಿ ಜಕ್ಕವ್ವ. ನಿಮ್ಮದೇ ಅಲ್ವಾ," ಎನ್ನುತ್ತ ಚಂಪಕಾ ತಾನೇ ಬಾಗಿಲು ತೆರೆದಳು.

ನಾನು ಹೊರಗೆ ಬಂದೆ. ಜಕ್ಕವ್ವ ಮುಂದೆ, ನಾನು ಅವಳ ನೆರಿಗೆಯ ಪಕ್ಕ. ಟೆಂಪೊದ ಹತ್ತಿರ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಆಗ ಅಂಗಳದಾಚೆಯಿಂದ ಕೂಗು ಬಂತು. ನಾನು ನಿಂತೆ. ಜಕ್ಕವ್ವ ಕರೆದಳು, ಕಂಬಳಿ ಹಿಡಿದು ಲೊಚಗುಟ್ಟಿದಳು. ಹಿಂಡು ಬೇಕೆನಿಸಿತು, ಎರೆಹೊಲ, ಮರಿಗಳ ಗದ್ದಲ, ಎಲ್ಲ ಬೇಕೆನಿಸಿತು. ಆದರೆ ಸಂಜೆಗೆ ಅದು ಕೂಗಿದಾಗ ಇಲ್ಲಿ ಯಾರಿರುತ್ತಾರೆ? ನಾನು ತಿರುಗಿ ಬೇಲಿಯ ಹತ್ತಿರ ಹೋಗಿ ಉತ್ತರ ಕೊಟ್ಟೆ.

"ಯಾರನ್ನ ಕರ್ಯಾಕತ್ತೈತಿ ಇದು?" ಎಂದಳು ಜಕ್ಕವ್ವ. "ಅಲ್ಲಿ ಯಾರೂ ಇಲ್ಲಲ್ಲ."

ಚಂಪಕಾಳ ಮುಖ ಆ ಕಟ್ಟಡದ ಕಡೆಗಿತ್ತು. "ಬಿಡಿ ಜಕ್ಕವ್ವ," ಎಂದಳು. "ಅದು ಬರೋದಿಲ್ಲ. ಅದರ ಮರಿ ಇಲ್ಲಿದೆ."

ಟೆಂಪೊ ಹೊರಟುಹೋಯಿತು. ಅವಳು ಕೊಟ್ಟಿಗೆಯ ಬಾಗಿಲು ಹಾಕಲಿಲ್ಲ. ಅಂದಿನಿಂದ ಅದು ತೆರೆದೇ ಇದೆ. ನಾನು ಹಗಲೆಲ್ಲ ಅಂಗಳದಲ್ಲಿ ಬಿಸಿಲಿಗೆ ಮೈ ಕಾಯಿಸುತ್ತೇನೆ. ಹೊತ್ತು ಮುಳುಗುವಾಗ ಬೇಲಿಗೆ ಹೋಗುತ್ತೇನೆ. ನಾನು ಉತ್ತರ ಕೊಟ್ಟ ಮೇಲೆ ಅದು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ.